ಪುಂಡಿಪಲ್ಯದ ಪಥ್ಯ

ಚಿತ್ತಾಪುರದ ದವಾಖಾನೆಯ ಸಾಲಿನಲ್ಲಿ ನನ್ನ ಮುಂದಿದ್ದ ಮಾಣಿಕಮ್ಮ ತೂಕದ ಯಂತ್ರದಿಂದ ಇಳಿದರು. ತೂಕ ಕಡಿಮೆಯಾದರೆ ಮಾತ್ರ ಮೊಣಕಾಲಿನ ಆಪರೇಷನ್ ಎಂದ ಡಾಕ್ಟರ್, ಪಥ್ಯಕ್ಕೆ ಪುಂಡಿ ಸೊಪ್ಪಿನ ಪಲ್ಯ ಹೇಳಿದ್ದರಂತೆ. ಮಗಳು ಲುಂಬಿನಿ ಚೀಟಿ ನೋಡಿದಳು.

"ಎರಡು ಕಿಲೋ ಏರ್ಯಾದಲ್ಲ, ಯವ್ವಾ! ಪುಂಡಿಪಲ್ಯಾ ತಿನ್ನಲಿಲ್ಲೇನು?"

"ದಿನಾ ತಿಂದೀನಿ."

"ಎಷ್ಟು ರೊಟ್ಟಿ ಜೋಡಿ?"

"ಮೊದಲು ಎರಡಿತ್ತು. ಪಲ್ಯಾ ಹೆಚ್ಚಾತಲ್ಲ, ಈಗ ನಾಲ್ಕು."

"ಪಲ್ಯಾದಾಗಿನ ಸತ್ವ ಹೊಟ್ಟ್ಯಾಗಿನ ಒಳ್ಳೆ ಬ್ಯಾಕ್ಟೀರಿಯಾಕ್ಕ ಊಟ, ಅವು ಉಂಡ್ರ ಬೊಜ್ಜು ಇಳೀಲಿಕ್ಕ ಅನುಕೂಲ ಅಂತ ಡಾಕ್ಟರ್ ಹೇಳಿದ್ರು."

"ಗೊತ್ತದ. ಅದಕ್ಕೇ ರೊಟ್ಟಿ ಹೆಚ್ಚು ಮಾಡೀನಿ."

"ಅವುಕ್ಕ ರೊಟ್ಟಿ ಯಾಕ?"

"ಉಣ್ಣಾಕ ಕುಂತವರಿಗೆ ಬರೀ ಪಲ್ಯಾ ಬಡಸ್ತಾರೇನ?"

ಲುಂಬಿನಿ ಅವ್ವನ ಭಾರವನ್ನು ಹೆಗಲಿಗೆ ತೆಗೆದುಕೊಂಡು, ಮೆಲ್ಲಗೆ ಬಾಗಿಲು ದಾಟಿಸಿದಳು.