ಪ್ರಾಂಪ್ಟರನ ಸ್ವಂತ ಮಾತು

ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ಮನೋಚಿಕಿತ್ಸಾ ಕೇಂದ್ರದ ವೈದ್ಯರೇ, ಮುಂದಿನ ಎರಡು ಸಾಲು ಖಾಲಿ ಬಿಟ್ಟು ಹಿಂದೆ ಒತ್ತೊತ್ತಾಗಿ ಕೂತಿರುವ ನನ್ನ ಪ್ರೀತಿಯ ಸಭಿಕರೇ,

ಕೇಂದ್ರದ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಕೇಳಿದಾಗ ನಾನು ನಕ್ಕುಬಿಟ್ಟೆ. ನಾಟಕ ಕಂಪನಿಯಲ್ಲಿ ನಾನು ಪ್ರಾಂಪ್ಟರ್ ಆಗಿದ್ದವನು. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಮೆಲ್ಲಗೆ ಹೇಳಿಕೊಡುವುದು ನನ್ನ ಕಸುಬು. ರಾಜನಿಗೂ ನಾನೇ, ರಾಣಿಗೂ ನಾನೇ. ಒಂದು ಸಲ ಸತ್ತು ಬಿದ್ದಿದ್ದವನಿಗೂ ನಾನೇ ಹೇಳಿಕೊಟ್ಟೆ, 'ಕೆರ್ಕೋಬೇಡ ಮಾರಾಯ' ಅಂತ! ಇಂಥವನಿಗೆ ಭಾಷಣವೇ?

ಸೈಕೋಡೈನಮಿಕ್ ಥೆರಪಿಗೆ ಹೊಸದಾಗಿ ಬರುವವರು ಏನನ್ನು ನಿರೀಕ್ಷಿಸಬೇಕು ಎಂಬುದು ನನಗೆ ಕೊಟ್ಟಿರುವ ವಿಷಯ. ಹೆಸರು ಕೇಳಿ ಹೆದರಬೇಡಿ, ಮಾತಾಡುತ್ತಾ ಮನಸ್ಸಿನ ಹಳೆಯ ಗಂಟುಗಳನ್ನು ಬಿಡಿಸಿಕೊಳ್ಳುವ ಚಿಕಿತ್ಸೆ ಅದು. ನಾನು ಬಹಳ ದಿನ ಅದನ್ನು ತಪ್ಪಾಗಿಯೇ ಉಚ್ಚರಿಸುತ್ತಿದ್ದೆ, ಆದರೂ ಗುಣ ಕಂಡಿತು. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅದೇ ಕೋಣೆ. ಎರಡು ಕುರ್ಚಿ, ಒಂದು ಗಡಿಯಾರ, ಗಾಡಿ ನಿಲ್ಲಿಸುವ ಜಾಗ ಕಾಣುವ ಒಂದು ಕಿಟಕಿ. ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಹೇಳಬೇಕು, ಅಷ್ಟೇ. ಅಷ್ಟೇ ಅಂದೆನಲ್ಲ, ಅದಕ್ಕಿಂತ ಕಷ್ಟದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ನನ್ನ ಥೆರಪಿಸ್ಟ್ ಮೇಡಂ ನನ್ನ ಮಗಳ ವಯಸ್ಸಿನವರು. ಮೊದಲ ದಿನ ನಮಸ್ಕಾರ ಹೇಳಿ ಕೂತರು. ಆಮೇಲೆ ಸುಮ್ಮನಾದರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ಮೌನ ಎಂದರೆ ಮಾನ ಹೋಯಿತು ಎಂದೇ ಅರ್ಥ. ಪಾಪ, ಈ ಹುಡುಗಿಗೆ ಮಾತು ಮರೆತುಹೋಗಿದೆ ಅಂದುಕೊಂಡೆ. ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿಕೊಟ್ಟೆ: 'ಈಗ ನೀವು, ನಿಮ್ಮ ತೊಂದರೆ ಏನು ಅಂತ ಕೇಳ್ಬೇಕು ಮೇಡಂ.'

ನಗಬೇಡಿ. ಎಷ್ಟೋ ವಾರ ಹೀಗೇ ನಡೆಯಿತು. ಅವರ ಪ್ರಶ್ನೆಯೂ ನನ್ನದೇ, ನನ್ನ ಉತ್ತರವೂ ನನ್ನದೇ.

ನಾನು ಅಲ್ಲಿಗೆ ಹೋದದ್ದಾದರೂ ಯಾಕೆ? ಇದು ಭಾಷಣದಲ್ಲಿ ಇರಲಿಲ್ಲ, ಆದರೂ ಹೇಳುತ್ತೇನೆ. ನನ್ನ ಹೆಂಡತಿಯನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. 'ಎಲ್ಲಿ ನೋವಮ್ಮ?' ಎಂದು ಅವರು ಕೇಳಿದರು. 'ಮಂಡಿ ಡಾಕ್ಟ್ರೇ' ಎಂದೆ ನಾನು. ನೋವಿದ್ದದ್ದು ಭುಜದಲ್ಲಿ. ಮನೆಗೆ ಬಂದವಳು ಬಟ್ಟೆ ಜೋಡಿಸಿಕೊಂಡಳು. 'ಇಷ್ಟು ವರ್ಷ ನನ್ನ ಮಾತೆಲ್ಲ ನೀವೇ ಆಡಿದ್ರಿ. ನಿಮ್ಮದು ಅಂತ ಒಂದು ಮಾತಾದ್ರೂ ಆಡಿದ್ರಾ? ನಿಮಗೇನು ಬೇಕು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ' ಎಂದಳು. ತನ್ನ ಅಕ್ಕನ ಮನೆಗೆ ಹೋದವಳು ಇನ್ನೂ ಬಂದಿಲ್ಲ. ಮನೆ ಬಿಕೋ ಎನ್ನುತ್ತದೆ.

ಹೊಸಬರೇ, ನೀವು ಸಲಹೆ ಕೇಳುತ್ತೀರಿ, ಅವರು ಕೊಡುವುದಿಲ್ಲ. ಅವರ ಮೇಲೆ ನಿಮಗೆ ಸಿಟ್ಟು ಬರುತ್ತದೆ. ನನಗೂ ಬಂತು. 'ಹೀಗೆ ಗುಮ್ಮನ ಹಾಗೆ ಕೂತಿದ್ದೀರಲ್ಲ, ನನ್ನ ಮೇಲೆ ಕೋಪಾನಾ?' ಎಂದು ಒಂದು ದಿನ ಕೂಗಿಯೇಬಿಟ್ಟೆ. ಅವರು ಸಮಾಧಾನವಾಗಿ, 'ಕೋಪ ಬಂದಾಗ ಹೀಗೆ ಸುಮ್ಮನಾಗ್ತಿದ್ದವರು ಯಾರು?' ಎಂದರು.

'ಅಪ್ಪ, ಅಮ್ಮ, ಇಬ್ಬರೂ' ಎಂದೆ. ಅಪ್ಪ ಅಮ್ಮನದು ಎತ್ತು ಏರಿಗೆ, ಕೋಣ ನೀರಿಗೆ. ಜಗಳವಾದರೆ ವಾರಗಟ್ಟಲೆ ಮಾತಿಲ್ಲ. ನಡುವೆ ಓಡಾಡುತ್ತಿದ್ದವನು ನಾನು. 'ತಪ್ಪಾಯ್ತು ಅಂದ್ರು ಅಪ್ಪ' ಎಂದು ಅಮ್ಮನಿಗೆ ಹೇಳುತ್ತಿದ್ದೆ. ಅಪ್ಪ ಅಂದಿರುತ್ತಿರಲಿಲ್ಲ. 'ಅಮ್ಮ ನಿಮಗೋಸ್ಕರ ಕಾಯ್ತಿದ್ದಾಳೆ' ಎಂದು ಅಪ್ಪನಿಗೆ ಹೇಳುತ್ತಿದ್ದೆ. ಅಮ್ಮ ಕಾಯುತ್ತಿರಲಿಲ್ಲ. ನಾನು ಸುಮ್ಮನಾದರೆ ಮನೆ ಮುರಿದುಬೀಳುತ್ತದೆ ಎಂಬ ಭಯ. ಆ ಭಯವನ್ನೇ ಕಂಪನಿಗೂ ಒಯ್ದೆ, ಸಂಸಾರಕ್ಕೂ ತಂದೆ. 'ನಿನಗೇನು ಬೇಕೋ ಮಗಾ?' ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಉತ್ತರ ಎಲ್ಲಿತ್ತು? ಆವತ್ತು ಆ ಕುರ್ಚಿಯಲ್ಲಿ ಕೂತು ಅತ್ತೆ. ಮೇಡಂ ಸುಮ್ಮನೇ ಇದ್ದರು, ಆದರೆ ಆ ಮೌನದಲ್ಲಿ ಕೋಪ ಇರಲಿಲ್ಲ. ಹಾಗೂ ಸುಮ್ಮನಿರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಗೆ ಎಲ್ಲವೂ ಸರಿಹೋಯಿತೇ? ಇಲ್ಲ. ಕೆಲವು ವಾರ ಮೊದಲಿಗಿಂತ ಕಷ್ಟವಾಗಿತ್ತು. ಬಿಟ್ಟುಬಿಡೋಣ ಅನ್ನಿಸಿದರೆ, ಹಾಗೆ ಅನ್ನಿಸಿತು ಎಂಬುದನ್ನೂ ಅಲ್ಲಿಯೇ ಹೇಳಿ.

ಯಾರೋ ಬಾಗಿಲ ಹತ್ತಿರ ನಿಂತಿದ್ದೀರಿ. ಒಳಗೆ ಬನ್ನಿ ತಾಯಿ, ಮುಂದೆ ಜಾಗ ಇದೆ.

ಕ್ಷಮಿಸಿ ಅಧ್ಯಕ್ಷರೇ, ನನ್ನ ಹೆಂಡತಿ ಬಂದಿದ್ದಾಳೆ. ಅವಳ ಅಕ್ಕನೂ ಬಂದಿದ್ದಾರೆ. ನಾನು ಕರೆದಿರಲಿಲ್ಲ. ಕರೆಯುವ ಧೈರ್ಯ ಇರಲಿಲ್ಲ.

ಇಲ್ಲಿಂದ ಮುಂದಕ್ಕೆ ನನ್ನ ಭಾಷಣ ನನಗೆ ನೆನಪಿಲ್ಲ. ನೋಡು, ಇಷ್ಟು ಜನರ ಎದುರು ಹೇಳುತ್ತಿದ್ದೇನೆ. ನೀನು ಮನೆಗೆ ಬರಬೇಕು ಅಂತ ನನಗೆ ಆಸೆ. ಅಡುಗೆಗಲ್ಲ, ಊರವರು ಆಡಿಕೊಳ್ಳುತ್ತಾರೆ ಅಂತಲೂ ಅಲ್ಲ. ನೀನಿಲ್ಲದೆ ನನಗೆ ಆಗುವುದಿಲ್ಲ. ಇದು ನನ್ನ ಮಾತು. ಬರುತ್ತೀಯೋ ಇಲ್ಲವೋ, ಅದು ನಿನ್ನ ಮಾತು. ಅದನ್ನು ನಾನು ಹೇಳಿಕೊಡುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತೇನೆ.

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ಮಾತಿಗೆ ಜಾಗ ಕೊಟ್ಟ ಕೇಂದ್ರಕ್ಕೂ ನಾನು ಋಣಿ. ದಯವಿಟ್ಟು ಈಗಲೇ ಚಪ್ಪಾಳೆ ತಟ್ಟಬೇಡಿ, ಅವಳೇನೋ ಹೇಳುವುದಕ್ಕೆ ಎದ್ದು ನಿಂತಿದ್ದಾಳೆ. ನಮಸ್ಕಾರ.