ನಾದಿನಿಯ ಫೀಸು, ನನ್ನ ಬೀಳ್ಕೊಡುಗೆ

ಮಾನ್ಯ ಅಧ್ಯಕ್ಷರಾದ ನಮ್ಮ ದೊಡ್ಡ ಡಾಕ್ಟರೇ, ಲ್ಯಾಬಿನ ಮೇಡಂ, ನರ್ಸ್ ಅಕ್ಕಂದಿರೇ, ಪ್ರೀತಿಯ ಸಭಿಕರೇ, ನಾನು ಕೆಲಸ ಬಿಡುತ್ತಿಲ್ಲ, ಎಲ್ಲಿಗೂ ಹೋಗುತ್ತಿಲ್ಲ! ಇದು ನನ್ನದೇ ಬೀಳ್ಕೊಡುಗೆ ಸಮಾರಂಭ ಎಂಬುದು ಗೊತ್ತು. ದಯವಿಟ್ಟು ಹೂಗುಚ್ಛವನ್ನು ವಾಪಸು ಕೇಳಬೇಡಿ.

ಮೊನ್ನೆ ಮೊನ್ನೆ ಮದುವೆಯಾದವಳು ಗಂಡನ ಊರಿಗೆ ಹೋಗದೆ ಇಲ್ಲೇ ರಕ್ತ ತೆಗೆಯುತ್ತಾ ಕೂರುತ್ತಾಳೆಯೇ ಎಂದು ಕೇಳುವಿರಿ. ನಮ್ಮವರು ತುಂಬಾ ತುಂಬಾ ಒಳ್ಳೆಯವರು. ನಾನು ಚಹಾ ಕುಡಿದ ಲೋಟವನ್ನೂ ಅವರೇ ತೊಳೆಯುತ್ತಾರೆ. ಅವರ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ಕ್ಷಮಿಸಿ. ಆದರೆ ಅವರ ಮನೆಯವರಿದ್ದಾರಲ್ಲ, ಅಯ್ಯೋ, ಸಾಕಪ್ಪಾ ಸಾಕು.

ನನ್ನ ನಾದಿನಿಗೆ ದೊಡ್ಡ ಖಾಸಗಿ ಕಾಲೇಜಿನಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿತು. ಫೀಸಿಗೆ ಒಂದು ಖಾಸಗಿ ಕಂಪನಿಯಿಂದ ಸಾಲ ಎಂದಾಯಿತು. ನಮ್ಮ ಮದುವೆಯ ವೇದಿಕೆಯ ಮೇಲೆಯೇ ದೊಡ್ಡಮಾವ ಮೈಕ್ ಹಿಡಿದು, ಹುಡುಗಿಯ ಸಾಲಕ್ಕೆ ಜಾಮೀನು ನಾನು ಎಂದು ಘೋಷಿಸಿದರು. ಎಂಥ ಚಪ್ಪಾಳೆ. ಆ ಮನೆಯಲ್ಲಿ ಯಾರೂ ಯಾವುದಕ್ಕೂ ಬೇಡ ಎನ್ನುವುದಿಲ್ಲ. ಜನರೆದುರು ಹೂಂ ಎನ್ನುತ್ತಾರೆ, ಸಹಿಯ ದಿನ ಬೆನ್ನುನೋವು ಬರುತ್ತದೆ. ದೊಡ್ಡಮಾವನಿಗೂ ಬಂತು. ಚಿಕ್ಕಮಾವನಿಗೆ ಪೆನ್ನು ಕಂಡರೆ ಕೈ ನಡುಗುತ್ತದಂತೆ. ಇಂಥವರನ್ನು ಏನು ಮಾಡಬೇಕು, ನೀವೇ ಹೇಳಿ?

ಕೊನೆಗೆ ಕಂಪನಿಗೆ ಹೋದವರು ನಮ್ಮವರು, ನಾದಿನಿ ಮತ್ತು ನಾನು. ಕೌಂಟರಿನಾತ ಕಂಪ್ಯೂಟರ್ ನೋಡಿ, "ಸಾರ್, ಮದುವೆಗೆ ಅಂತ ಆಗಲೇ ಸಾಲ ತಗೊಂಡಿದೀರಲ್ಲ, ನಿಮ್ಮ ಜಾಮೀನು ನಡೆಯಲ್ಲ" ಎಂದ. ಮದುವೆ ಸಾಲ. ಅದು ನನ್ನ ಮದುವೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ನಮ್ಮವರು ನೆಲ ನೋಡುತ್ತಾ, "ನೀನೇ ಒಂದು ಸಹಿ ಹಾಕ್ಬಿಡು, ನಿಂಗೆ ಸಂಬಳ ಇದೆಯಲ್ಲ" ಎಂದರು. ಸಂಬಳವೇ? ನನ್ನ ಕೈಯಲ್ಲಿ ರಾಜೀನಾಮೆ ಬರೆಸಿದವರು ಯಾರು?

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದು ಇದಕ್ಕಾದರೂ ಆಗಲಿ ಎಂದು ಕರಾರನ್ನು ಅಲ್ಲೇ ಗಟ್ಟಿಯಾಗಿ ಓದಿ, ನಾದಿನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಬಡ್ಡಿ ಅವರಿಗೆ ಬೇಕೆಂದಾಗ ಏರುತ್ತದೆ. ಓದುವಾಗಲೇ ಕಂತು ಶುರು. ಅವಳು ಓದು ಬಿಟ್ಟರೂ, ಕಾಯಿಲೆ ಬಿದ್ದರೂ, ಕಟ್ಟಬೇಕಾದವಳು ನಾನು. ಆದರೂ ಪೆನ್ನು ತೆಗೆದೆ, ನಿಜ ಹೇಳುತ್ತೇನೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಬೇಡ ಅತ್ತಿಗೆ. ನಿಮ್ಮ ಆಸ್ಪತ್ರೆ ಇರೋ ಊರಿನ ಸರ್ಕಾರಿ ಕಾಲೇಜಲ್ಲೂ ನಂಗೆ ಸೀಟು ಬಂದಿದೆ, ಸೇರೋಕೆ ಇನ್ನೂ ಟೈಮ್ ಇದೆ. ಹಾಸ್ಟೆಲ್ ಇಲ್ವಲ್ಲ, ನೋಡೋಣ ಅಂತ ಅಣ್ಣ ದಿನ ತಳ್ಳಿದ. ಅಲ್ಲಿ ನಿಮ್ಮ ಬಾಡಿಗೆ ರೂಮಲ್ಲಿ ನಂಗೂ ಜಾಗ ಇದೆಯಾ?"

ಆ ಮನೆಯಲ್ಲಿ ಬಾಯಿಬಿಟ್ಟು ಬೇಡ ಎಂದವಳು ಅವಳೊಬ್ಬಳೇ. ನಾನು ಹೂಂ ಎಂದೆ. ನಮ್ಮವರು ಭಾನುವಾರಗಳಲ್ಲಿ ಬಂದು ಹೋಗುತ್ತಾರೆ. ಮದುವೆಯ ಸಾಲ ತೀರಲಿ, ಆಮೇಲೆ ಸಂಸಾರ.

ಆದ್ದರಿಂದ ಡಾಕ್ಟರೇ, ನನ್ನ ರಾಜೀನಾಮೆಯನ್ನು ಹರಿದುಹಾಕಿ, ನಿಮಗೆ ಪುಣ್ಯ ಬರುತ್ತದೆ. ನನ್ನನ್ನು ಇಷ್ಟು ದಿನ ಸಹಿಸಿದ, ಇನ್ನೂ ಸಹಿಸಬೇಕಾದ ನಿಮಗೆಲ್ಲ ವಂದನೆಗಳು, ನಮಸ್ಕಾರ. ಹಾಂ, ಯಾರ ಮನೆಯಲ್ಲಾದರೂ ಹಳೆಯ ಮಂಚವಿದ್ದರೆ ಬೇಗ ತಿಳಿಸಿ. ನಾದಿನಿ ಗುರುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಾಳೆ.