ಕ್ಯಾಪ್ಸೂಲಿನ ಮೇಲೆ ಸಾಂಬಾರು

ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ರೈಲು ಹಿಡಿದು ಬಂದ ಸಭಿಕರೇ,

ನೀವು ಸನ್ಮಾನಿಸುತ್ತಿರುವ ಕಮಲಾಕ್ಷ ಶೆಟ್ಟರು ನನ್ನ ಗಂಡ. ನೌಪಾಡಾದ ಅವರ ಹೋಟೆಲಿನ ಸಾಂಬಾರನ್ನು ಈಗಾಗಲೇ ಮೂವರು ಹೊಗಳಿದರು. ಅದೇ ಸಾಂಬಾರು ಅವರ ಪ್ರಾಣ ತೆಗೆಯುವುದರಲ್ಲಿತ್ತು ಎಂದು ಯಾರಾದರೂ ಹೇಳಿದರೇ? ನಾನು ಹೇಳುತ್ತೇನೆ.

ಕಳೆದ ಮಳೆಗಾಲ ಇವರು ಗಲ್ಲಾದ ಮೇಲೆಯೇ ಕುಸಿದರು. ಮೈಯಲ್ಲಿ ಅರ್ಧ ರಕ್ತವೂ ಇರಲಿಲ್ಲ. ಗಾಯವಿಲ್ಲ, ನೋವಿಲ್ಲ, ರಕ್ತ ಹೋದದ್ದೆಲ್ಲಿಗೆ? ಆಸ್ಪತ್ರೆಯಲ್ಲಿ ಬಾಯಿಯಿಂದ ನಳಿಗೆ ಇಳಿಸಿ ನೋಡಿದರು, ಕೆಳಗಿನಿಂದಲೂ ನೋಡಿದರು, ಏನೂ ಸಿಗಲಿಲ್ಲ. ಮಲ ಕಪ್ಪಗಿತ್ತೇ ಎಂದು ಡಾಕ್ಟರ್ ಪ್ರಣೀತಾ ಕೇಳಿದಾಗ ಇವರು ತಲೆ ತಗ್ಗಿಸಿ, "ಹೌದು, ಡಾಂಬರಿನ ಹಾಗೆ. ಕಬ್ಬಿಣದ ಟಾನಿಕ್ಕಿಂದ ಅಂತ ಮಾಡಿದ್ದೆ" ಎಂದರು. ಕಪ್ಪೆಂದರೆ ಒಳಗೆ ಒಸರಿದ ರಕ್ತವಂತೆ. ತಿಂಗಳುಗಟ್ಟಲೆ ಹೀಗೆ! ಒಂದೇ ಮನೆಯಲ್ಲಿದ್ದು ನನಗೊಂದು ಮಾತು ಹೇಳಬಾರದಿತ್ತೇ?

ಕೊನೆಗೆ ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸಿದರು. ಅದು ಕರುಳಿನಲ್ಲಿ ಇಳಿಯುತ್ತ ಸೊಂಟಕ್ಕೆ ಕಟ್ಟಿದ ಯಂತ್ರಕ್ಕೆ ಫೋಟೋ ಕಳಿಸುತ್ತದೆ. ಓಡಾಡಬಹುದು, ಆದರೆ ಡಾಕ್ಟರು ಹೇಳುವವರೆಗೆ ಏನೂ ತಿನ್ನಬಾರದು. ಇವರು ಆ ಯಂತ್ರದ ಸಮೇತ ಸೀದಾ ಹೋಟೆಲಿಗೆ ಹೋದರು. ಯಜಮಾನ ರುಚಿ ನೋಡದೆ ನಮ್ಮಲ್ಲಿ ಸಾಂಬಾರು ಹೊರಗೆ ಹೋಗುವುದಿಲ್ಲವಲ್ಲ. ಅಭ್ಯಾಸಬಲದಿಂದ ಸೌಟು ಎತ್ತಿದರು. ಉಪ್ಪು ಸಾಲದೆಂದು ಮೂರು ಸಲ.

ಮರುದಿನ ಪರದೆಯ ಮೇಲೆ ಎಲ್ಲೆಲ್ಲೂ ಕೆಂಪು. ನಾನು ಕುರ್ಚಿ ಹಿಡಿದುಕೊಂಡೆ. ಆ ಡಾಕ್ಟರಿಗೆ ನಮ್ಮ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಹಿಂದಿ. "ಅಂಕಲ್, ಯೇ ಖೂನ್ ಹೈ ಯಾ ಸಾಂಬಾರ್?" ಎಂದರು.

"ಸಾಂಬಾರೇ ಇರ್ಬೇಕು. ಬೇಳೆ ಕಾಣ್ತದಲ್ಲ" ಎಂದರು ಇವರು.

ಪರೀಕ್ಷೆ ನೀರಿನಲ್ಲಿ ಹೋಮ ಮಾಡಿದಂತಾಯಿತು. ಎರಡನೆಯ ಕ್ಯಾಪ್ಸೂಲಿಗೆ ಮೊದಲೇ ಮತ್ತೆ ರಕ್ತ ಹೋಯಿತು. ಈ ಮನುಷ್ಯ ಮೂರು ಸೌಟು ಸಾಂಬಾರಿಗೆ ಸಾಯುತ್ತಾರೆಯೇ ಎಂದು ಐಸಿಯು ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಎರಡನೆಯ ಕ್ಯಾಪ್ಸೂಲ್ ನುಂಗಿಸಿದಾಗ ಇವರ ಕೈ ಹಿಡಿದೇ ಕೂತೆ, ಬಿಡಲಿಲ್ಲ. ಸಣ್ಣ ಕರುಳಿನ ನಡುವೆ ಒಸರುತ್ತಿದ್ದ ಪುಟ್ಟ ರಕ್ತನಾಳ ಕಾಣಿಸಿತು. ಉದ್ದದ ನಳಿಗೆ ಇಳಿಸಿ ಅದನ್ನು ಸುಟ್ಟು ಮುಚ್ಚಿದರು. ಇನ್ನೊಂದು ಕಡೆ ಒಸರಬಹುದು, ನಿಗಾ ಇಡಿ ಎಂದಿದ್ದಾರೆ.

ಅದಕ್ಕೇ ನಮ್ಮ ಮನೆಯಲ್ಲಿ ಹೊಸ ನಿಯಮ. ದಿನಾ ಬೆಳಿಗ್ಗೆ ಇವರು ಮೊದಲು ನನಗೆ ಬಣ್ಣ ಹೇಳಬೇಕು, ಆಮೇಲೇ ಸೌಟು. ಯಾಕೆ ನಗುತ್ತೀರಿ? ಹೇಳಲು ನಾಚಿ ತಾನೇ ಇವರು ಸಾಯಲು ಹೊರಟದ್ದು?

ಇವತ್ತು ಸನ್ಮಾನದ ಗಡಿಬಿಡಿಯಲ್ಲಿ ಹೇಳದೆಯೇ ಬಂದಿದ್ದಾರೆ. ಅಧ್ಯಕ್ಷರೇ, ಶಾಲು ಸ್ವಲ್ಪ ತಡೆಯಿರಿ. ರೀ, ಇವತ್ತು ಯಾವ ಬಣ್ಣ, ಹೇಳಿಬಿಡಿ. ಮೈಕ್ ಬೇಡ, ನನ್ನ ಕಿವಿಯಲ್ಲಿ ಹೇಳಿದರೆ ಸಾಕು. ಯಾಕೆ ತಲೆ ತಗ್ಗಿಸುತ್ತೀರಿ? ಕಪ್ಪೇ?

ಹಳದಿಯಂತೆ.

ಇನ್ನು ಶಾಲು ಹೊದಿಸಬಹುದು. ಕಾದದ್ದಕ್ಕೆ ಎಲ್ಲರಿಗೂ ಧನ್ಯವಾದ, ನಮಸ್ಕಾರ.